ಉದರದ ಶಸ್ತ್ರಚಿಕಿತ್ಸೆಯಾದವರ ಮೊದಲ ಓಟ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ಹಳೆ ವಿದ್ಯಾರ್ಥಿ ಸಂಘದವರು 5 ಕಿಲೋಮೀಟರ್ ಓಟವೊಂದನ್ನು ಏರ್ಪಡಿಸಿರುವ ಸಂಗತಿ ವಾಚಕರಿಗೆ ತಿಳಿದೇ ಇದೆ. ಓಟಕ್ಕೆ ಹೆಸರು ಕೊಟ್ಟವರ ಯಾದಿಯನ್ನು ಸಂಘದ ಕಾರ್ಯದರ್ಶಿಗಳು ಮನೆಗೆ ತಂದು ತೋರಿಸಿದಾಗ ಅದರಲ್ಲಿದ್ದ ಒಂದು ಹೆಸರನ್ನು ಕಂಡು ನಾನು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದೆ. ನಾಲ್ಕು ದಶಕಗಳ ಹಿಂದೆ ನನ್ನ ತರಗತಿಯಲ್ಲಿದ್ದ ಆ ಹುಡುಗ ತೀರಾ ಸ್ಥೂಲಕಾಯದವನಾಗಿದ್ದ. ಡ್ರಿಲ್ ಪಿರಿಯಡಿನಲ್ಲಿ ಉಳಿದ ಮಕ್ಕಳು ಮೈದಾನಕ್ಕೆ ಸುತ್ತು ಹಾಕುವಾಗ ಆತನನ್ನು ಗೋಳಿಮರದ ಬುಡದಲ್ಲಿ ಕುಳ್ಳಿರಿಸಿ ಎಲ್ಲರ ಚಪ್ಪಲಿಗಳನ್ನು ಕಾಯಲು ಹೇಳುತ್ತಿದ್ದವನು ನಾನೇ. ಹುಡುಗನಿಗೆ ಉಪಕಾರ ಮಾಡುತ್ತಿದ್ದೇನೆಂದು ಆಗ ನನ್ನ ಭಾವನೆಯಾಗಿತ್ತು. ಅದು ಉಪಕಾರವಲ್ಲವೆಂದು ಯಾರೂ ನನಗೆ ಹೇಳಲಿಲ್ಲ, ಆತನೂ ಹೇಳಲಿಲ್ಲ.

ಮರುದಿನ ಆತನೇ ಮನೆಗೆ ಬಂದ. ಗುರುತು ಹತ್ತಲು ಒಂದು ಕ್ಷಣ ಬೇಕಾಯಿತು. ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಆಗ ಹತ್ತು ತಿಂಗಳಾಗಿತ್ತು. 118 ಕಿಲೋ ಇದ್ದವನು 87 ಕಿಲೋಗೆ ಇಳಿದಿದ್ದ. “ಮಾಷ್ಟ್ರೇ, ಹೆಸರು ಕೊಟ್ಟದ್ದು ಹೌದು. ಆದರೆ ಓಡುವುದು ಹೇಗೆಂದು ನನಗೆ ಗೊತ್ತಿಲ್ಲ. ನಾನು ಈವರೆಗೆ ಓಡಿಯೇ ಇಲ್ಲವಲ್ಲ!” ಎಂದ. ಅದಕ್ಕೆ ನಾನೇನು ಉತ್ತರ ಕೊಡಲಿ? ನಾನು ವೈದ್ಯನಲ್ಲ; ಕನ್ನಡ ಮಾಧ್ಯಮದಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ, ಅಧ್ಯಾಪಕ ತರಬೇತಿ ಪಡೆದು ಮಕ್ಕಳಿಗೆ ಪಾಠ ಹೇಳಿದವನು. ಆದರೆ ಆತನ ಜತೆಯಲ್ಲಿ ಎರಡು ಬಾರಿ ಮಂಗಳೂರಿಗೆ ಹೋಗಿ, ಅಲ್ಲಿಯ ವೈದ್ಯರಿಂದಲೂ ಆಹಾರತಜ್ಞೆಯಿಂದಲೂ ಕೇಳಿ ತಿಳಿದು, ಅವರು ಓದಲು ಕೊಟ್ಟುದನ್ನು ಯಥಾಶಕ್ತಿ ಓದಿ ಟಿಪ್ಪಣಿ ಮಾಡಿಕೊಂಡೆ. ನಮ್ಮ ಹಳೆ ವಿದ್ಯಾರ್ಥಿಗಳಲ್ಲಿ ಈ ಚಿಕಿತ್ಸೆ ಪಡೆದವರು ಇನ್ನೂ ಕೆಲವರಿದ್ದಾರೆಂದೂ ಸಂಕೋಚದಿಂದ ಹೇಳಿಕೊಳ್ಳುವುದಿಲ್ಲವೆಂದೂ ತಿಳಿದುದರಿಂದ ಆ ಟಿಪ್ಪಣಿಗಳನ್ನು ಇಲ್ಲಿ ಲೇಖನರೂಪಕ್ಕೆ ತಂದಿದ್ದೇನೆ. ಆತನ ವಿಷಯವನ್ನು ಆತನ ಒಪ್ಪಿಗೆ ಪಡೆದೇ ಬರೆದಿದ್ದೇನೆ. ಹೆಸರು ಬೇಡವೆಂದದ್ದು ನಾನು.

ಮೊದಲಿಗೆ ಸ್ಥೂಲತೆಯನ್ನು ಅಳೆಯುವ ಲೆಕ್ಕ. ಕಿಲೋಗ್ರಾಮಿನಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆಗೆ ದೇಹತೂಕ ಸೂಚ್ಯಂಕ ಅಥವಾ ಬಿ.ಎಂ.ಐ. ಎಂದು ಹೆಸರು. ನಮ್ಮ ಹುಡುಗನ ಎತ್ತರ 1.68 ಮೀಟರ್, ಅದರ ವರ್ಗ 2.82. ಹಿಂದಿನ 118 ಕಿಲೋವನ್ನು ಅದರಿಂದ ಭಾಗಿಸಿದರೆ ಸುಮಾರು 42 ಬರುತ್ತದೆ. ಭಾರತೀಯರ ದೇಹದಲ್ಲಿ, ವಿಶೇಷವಾಗಿ ಹೊಟ್ಟೆಯ ಭಾಗದಲ್ಲಿ, ಕೊಬ್ಬು ಬೇಗನೆ ಸಂಗ್ರಹವಾಗುವುದರಿಂದ ನಮಗೆ 23ರ ಮೇಲೆ ಅಧಿಕತೂಕವೆಂದೂ 25ರ ಮೇಲೆ ಸ್ಥೂಲತೆಯೆಂದೂ ತಜ್ಞರು ಗೆರೆ ಎಳೆದಿದ್ದಾರೆ. ಪಾಶ್ಚಾತ್ಯರಿಗೆ ಆ ಗೆರೆಗಳು 25 ಮತ್ತು 30. ಶಸ್ತ್ರಚಿಕಿತ್ಸೆಯ ವಿಷಯದಲ್ಲಿ 1991ರಿಂದ ಜಾರಿಯಲ್ಲಿದ್ದ ಅಳತೆ ಹೀಗಿತ್ತು: ಸೂಚ್ಯಂಕ 40 ಇರಬೇಕು, ಸಕ್ಕರೆ ಕಾಯಿಲೆ, ರಕ್ತದೊತ್ತಡ ಮುಂತಾದವು ಜತೆಗಿದ್ದರೆ 35 ಸಾಕು. 2022ರಲ್ಲಿ ಅಂತಾರಾಷ್ಟ್ರೀಯ ಶಸ್ತ್ರವೈದ್ಯ ಸಂಘಗಳು ಇದನ್ನು ಸಡಿಲಿಸಿ, ಏಷ್ಯಾದವರಿಗೆ 27.5ರಿಂದಲೇ ಈ ಚಿಕಿತ್ಸೆಯನ್ನು ಪರಿಗಣಿಸಬಹುದೆಂದು ಹೇಳಿವೆ.

ಈ ಚಿಕಿತ್ಸೆ ಸೋಮಾರಿಗಳ ಅಡ್ಡದಾರಿ ಎಂಬ ಮಾತನ್ನು ನಾನೂ ಆಡಿದ್ದುಂಟು. ಅದರ ಚರಿತ್ರೆಯನ್ನು ಓದಿದ ಮೇಲೆ ಆ ಮಾತು ನನ್ನ ಬಾಯಿಂದ ಬರಲಿಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಡಾ. ಎಡ್ವರ್ಡ್ ಮೇಸನ್ ಎಂಬ ಶಸ್ತ್ರವೈದ್ಯರು, ಹುಣ್ಣಿನ ನಿಮಿತ್ತ ಜಠರದ ಬಹುಭಾಗವನ್ನು ತೆಗೆಸಿಕೊಂಡವರು ಮುಂದೆ ಮೈತುಂಬಿಕೊಳ್ಳುವುದೇ ಇಲ್ಲವೆಂಬುದನ್ನು ಗಮನಿಸಿ, 1960ರ ದಶಕದಲ್ಲಿ ಸಹೋದ್ಯೋಗಿ ಚಿಕಾಶಿ ಇಟೊ ಅವರೊಡನೆ ಜಠರದ ಬೈಪಾಸ್ ಎಂಬ ಕ್ರಮವನ್ನು ರೂಪಿಸಿದರು. ಅದರಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಚಿಕ್ಕ ಚೀಲವನ್ನು ಉಳಿಸಿ, ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಜಠರದ ಉಳಿದ ಭಾಗವೂ ಕರುಳಿನ ಮೊದಲ ಭಾಗವೂ ಆಹಾರದ ದಾರಿಯಿಂದ ತಪ್ಪುತ್ತವೆ. ಈಗ ಜಗತ್ತಿನಲ್ಲಿ ಹೆಚ್ಚಾಗಿ ನಡೆಯುವುದು ಸ್ಲೀವ್ ಎಂಬ ಇನ್ನೊಂದು ಕ್ರಮ. ಸ್ಲೀವ್ ಎಂದರೆ ಅಂಗಿಯ ತೋಳು. ಇದರಲ್ಲಿ ಜಠರವನ್ನು ಉದ್ದಕ್ಕೆ ಕತ್ತರಿಸಿ ಸುಮಾರು ಮುಕ್ಕಾಲು ಪಾಲನ್ನು ಹೊರಗೆ ತೆಗೆಯುತ್ತಾರೆ. ಅಂಗಿಯ ತೋಳಿನಂತಹ, ಅರ್ಧ ಲೋಟವನ್ನೂ ಕಷ್ಟದಲ್ಲಿ ಹಿಡಿಯುವ ಒಂದು ನಳಿಗೆ ಉಳಿಯುತ್ತದೆ. ಹೊಟ್ಟೆಯನ್ನು ಅಗಲವಾಗಿ ಕೊಯ್ಯುವುದಿಲ್ಲ. ನಾಲ್ಕೈದು ಸಣ್ಣ ರಂಧ್ರಗಳಿಂದ ದುರ್ಬೀನನ್ನೂ ಸಲಕರಣೆಗಳನ್ನೂ ತೂರಿಸಿ ಮಾಡುತ್ತಾರೆ. ನಮ್ಮ ಹುಡುಗನಿಗೆ ಆದದ್ದು ಇದು.

ಜಠರ ಕಿರಿದಾಯಿತು, ಊಟ ಕಡಿಮೆಯಾಯಿತು, ತೂಕ ಇಳಿಯಿತು ಎಂದಷ್ಟೇ ತಿಳಿದರೆ ಅರ್ಧ ತಿಳಿದಂತೆ. 1999ರಲ್ಲಿ ಜಪಾನಿನ ಕೊಜಿಮಾ, ಕಂಗಾವಾ ಮತ್ತು ಸಂಗಡಿಗರು ಘ್ರೆಲಿನ್ ಎಂಬ ರಸವನ್ನು ಕಂಡುಹಿಡಿದರು. ಇದು ಹೆಚ್ಚಾಗಿ ಜಠರದಲ್ಲಿಯೇ ಹುಟ್ಟಿ, ‘ಹಸಿವಾಗಿದೆ’ ಎಂಬ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುತ್ತದೆ. ಸ್ಲೀವ್ ಮಾಡುವಾಗ ತೆಗೆದುಹಾಕುವ ಮೇಲ್ಭಾಗವೇ ಇದರ ಮುಖ್ಯ ಉತ್ಪತ್ತಿಸ್ಥಾನ. ಇತ್ತ ಆಹಾರ ಬೇಗನೆ ಕರುಳಿಗೆ ಇಳಿಯುವುದರಿಂದ ‘ಹೊಟ್ಟೆ ತುಂಬಿತು’ ಎಂದು ತಿಳಿಸುವ ಬೇರೆ ರಸಗಳು ಹೆಚ್ಚುತ್ತವೆ. ಅಂದರೆ ಹಸಿವಿನ ಗಂಟೆಯೇ ಮೊದಲಿನಂತೆ ಬಾರಿಸುವುದಿಲ್ಲ. ಓಟಕ್ಕೆ ತೊಡಗುವವನು ನೆನಪಿಡಬೇಕಾದ ಮೊದಲ ವಿಷಯ ಇದು. ಬೇರೆಯವರು ಓಡಿ ಬಂದರೆ ಹಸಿವು ತಾನಾಗಿ ಕರೆಯುತ್ತದೆ; ಇವನನ್ನು ಕರೆಯುವುದಿಲ್ಲ. ಇವನು ಗಡಿಯಾರ ನೋಡಿ ಉಣ್ಣಬೇಕು, ಗಡಿಯಾರ ನೋಡಿ ಕುಡಿಯಬೇಕು.

ತೂಕ ಇಳಿದುದರ ಲಾಭ ಮೊಣಕಾಲಿಗೆ ಎಷ್ಟೆಂಬುದನ್ನು ತಿಳಿದು ನಾನು ಬೆರಗಾದೆ. ಮಂಡಿಯ ಸವೆತವಿದ್ದ ಸ್ಥೂಲದೇಹಿಗಳನ್ನು ಪರೀಕ್ಷಿಸಿ ಅಮೆರಿಕದ ಸಂಶೋಧಕರು 2005ರಲ್ಲಿ ಪ್ರಕಟಿಸಿದಂತೆ, ಒಂದು ಕಿಲೋ ತೂಕ ಇಳಿದರೆ ನಡೆಯುವಾಗ ಒಂದೊಂದು ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ಸುಮಾರು 4 ಕಿಲೋ ಇಳಿಯುತ್ತದೆ. 31 ಕಿಲೋ ಇಳಿಸಿಕೊಂಡವನ ಮಂಡಿಗೆ ಹೆಜ್ಜೆಯೊಂದಕ್ಕೆ 124 ಕಿಲೋ ಹಗುರ! ಎರಡು ಗೋಣಿ ಅಕ್ಕಿಯನ್ನು ಇಳಿಸಿದಂತೆ. ಇದನ್ನು ಕೇಳಿದೊಡನೆ ನಮ್ಮ ಹುಡುಗನಿಗೆ ಆ ಸಂಜೆಯೇ ಓಡಬೇಕೆಂಬ ಹುರುಪು ಬಂತು. ವೈದ್ಯರು ತಡೆದರು.

ತಡೆದ ಕಾರಣ ಹೀಗಿದೆ. ವರ್ಷವೊಂದರಲ್ಲಿ ಇಷ್ಟು ತೂಕ ಇಳಿಯುವಾಗ ಕರಗುವುದು ಕೊಬ್ಬು ಮಾತ್ರವಲ್ಲ. ಮಾಂಸಖಂಡದ ಒಂದು ಪಾಲೂ ಅದರೊಂದಿಗೆ ಹೋಗುತ್ತದೆ. ಎಲುಬಿನ ಸಾಂದ್ರತೆಯೂ ತಗ್ಗುತ್ತದೆ. ಬೈಪಾಸ್ ಆದವರಲ್ಲಿ ಇದು ಇನ್ನೂ ಹೆಚ್ಚು. 118 ಕಿಲೋ ಹೊತ್ತು ನಡೆದ ಕಾಲಿನಲ್ಲಿ ಒಂದು ಬಗೆಯ ಬಲ ಇದ್ದೇ ಇತ್ತು. ಹೊರೆ ಹೋದಂತೆ ಆ ಬಲವೂ ಸ್ವಲ್ಪ ಹೋಗಿದೆ. ನಡೆಯುವಾಗ ಒಂದು ಕಾಲು ಸದಾ ನೆಲದ ಮೇಲಿರುತ್ತದೆ. ಓಡುವಾಗ ಎರಡು ಕಾಲುಗಳೂ ಕ್ಷಣಕಾಲ ನೆಲ ಬಿಟ್ಟು, ಮರಳಿ ಊರುವಾಗ ದೇಹತೂಕದ ಎರಡರಿಂದ ಮೂರು ಪಟ್ಟು ಪೆಟ್ಟು ಒಂದೇ ಕಾಲಿಗೆ ಬೀಳುತ್ತದೆ. ಹೃದಯವೂ ಶ್ವಾಸಕೋಶವೂ ಕೆಲವು ವಾರಗಳಲ್ಲಿ ಓಟಕ್ಕೆ ಒಗ್ಗುತ್ತವೆ. ಸ್ನಾಯುರಜ್ಜು, ಎಲುಬುಗಳಿಗೆ ತಿಂಗಳುಗಳು ಬೇಕು. ಉಸಿರು ‘ಓಡು’ ಎನ್ನುವ ಕಾಲಕ್ಕೆ ಮೊಣಕಾಲ ಕೆಳಗಿನ ಎಲುಬು ಇನ್ನೂ ಸಿದ್ಧವಾಗಿರುವುದಿಲ್ಲ. ಅಪಾಯವಿರುವುದು ಈ ಅಂತರದಲ್ಲಿ. ಹಾಗೆಂದು ಓಡದೇ ಇರುವುದೂ ಪರಿಹಾರವಲ್ಲ, ಏಕೆಂದರೆ ಮಾಂಸಖಂಡವನ್ನೂ ಎಲುಬನ್ನೂ ಉಳಿಸುವುದು ಅವುಗಳ ಮೇಲೆ ಅಳತೆಯಿಂದ ಹಾಕುವ ಭಾರವೇ.

ಎಂದಿನಿಂದ ಆರಂಭಿಸಬೇಕು? ನಡಿಗೆಯನ್ನು ಆಸ್ಪತ್ರೆಯಲ್ಲಿಯೇ, ಶಸ್ತ್ರಚಿಕಿತ್ಸೆಯ ದಿನ ಅಥವಾ ಮರುದಿನ, ದಾದಿಯರೇ ಮಾಡಿಸುತ್ತಾರೆ. ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟದಿರಲು ಅದು ಅವಶ್ಯ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಭಾರ ಎತ್ತುವಂತಿಲ್ಲ. ತುಂಬಿದ ಕೊಡಪಾನವೂ ಭಾರವೇ, ಅಡಿಕೆಯ ಗೋಣಿಯ ಮಾತಂತೂ ಬೇಡ. ಓಟಕ್ಕೆ ಶಸ್ತ್ರವೈದ್ಯರ ಅನುಮತಿ ಬೇಕೇ ಬೇಕು. ಗಾಯ ಮಾಗಿ, ಗಟ್ಟಿ ಆಹಾರ ಒಗ್ಗಿ, ಅರ್ಧ ಗಂಟೆ ಬಿರುಸಾಗಿ ನಡೆದರೂ ಆಯಾಸವಾಗದ ಸ್ಥಿತಿಗೆ ಬಂದ ಮೇಲೆ ಓಟದ ವಿಚಾರ. ನಮ್ಮವನು ಹತ್ತು ತಿಂಗಳು ಕಾದದ್ದು ಒಳ್ಳೆಯದೇ ಆಯಿತು. ಐವತ್ತರ ಅಂಚಿನವನಾದ್ದರಿಂದ ಹೃದಯದ ಪರೀಕ್ಷೆಯನ್ನೂ ಮಾಡಿಸಿದರು.

ಅಭ್ಯಾಸಕ್ಕೆ ಆಧಾರವಾಗಿ ನಾವು ಹಿಡಿದದ್ದು ಜೋಶ್ ಕ್ಲಾರ್ಕ್ ಎಂಬ ಅಮೆರಿಕನ್ನನು 1996ರಲ್ಲಿ ರೂಪಿಸಿದ, ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ 9 ವಾರಗಳ ಕ್ರಮವನ್ನು. ಈವರೆಗೆ ಓಡದವರನ್ನು ಆರಾಮಕುರ್ಚಿಯಿಂದ 5 ಕಿಲೋಮೀಟರಿಗೆ ತಲುಪಿಸುವ ಉದ್ದೇಶದ್ದು ಅದು. ವಾರಕ್ಕೆ ಮೂರೇ ದಿನ. ನಡುವೆ ಒಂದೊಂದು ದಿನ ವಿಶ್ರಾಂತಿ. ಮೊದಲ ವಾರದಲ್ಲಿ 5 ನಿಮಿಷ ಬಿರುಸಿನ ನಡಿಗೆ. ಬಳಿಕ 60 ಸೆಕೆಂಡು ಮೆಲ್ಲನೆ ಓಟ, 90 ಸೆಕೆಂಡು ನಡಿಗೆ. ಹೀಗೆ ಸರದಿಯಂತೆ 20 ನಿಮಿಷ. ಎರಡನೆಯ ವಾರ 90 ಸೆಕೆಂಡು ಓಟ, 2 ನಿಮಿಷ ನಡಿಗೆ. ಮೂರನೆಯದರಲ್ಲಿ 3 ನಿಮಿಷದ ಓಟ, ನಾಲ್ಕರಲ್ಲಿ 5 ನಿಮಿಷದ ಓಟ ಸೇರುತ್ತವೆ. ಐದನೆಯ ವಾರದ ಮೂರನೆಯ ದಿನ ನಡಿಗೆಯ ಬಿಡುವಿಲ್ಲದೆ 20 ನಿಮಿಷ ಓಡಬೇಕೆಂದು ಬರೆದಿದೆ. ಕೊನೆಯ ವಾರ ಅದು 30 ನಿಮಿಷವಾಗುತ್ತದೆ.

ಈ ಕ್ರಮದಲ್ಲಿ ನಾವು ಎರಡು ಬದಲಾವಣೆ ಮಾಡಿದೆವು. ಪ್ರತಿಯೊಂದು ವಾರವನ್ನೂ ಎರಡು ವಾರವಾಗಿ ಎಳೆದೆವು. 9 ವಾರ 18 ಆಯಿತು. ತರಗತಿಯಲ್ಲಿ ಪಾಠ ಅರ್ಥವಾಗದವನಿಗೆ ಅದೇ ಪಾಠವನ್ನು ಮತ್ತೊಮ್ಮೆ ಹೇಳಿದರೆ ಶಾಲೆಗೆ ಅವಮಾನವಿಲ್ಲ. ಎರಡನೆಯದಾಗಿ, ಓಟದ ವೇಗವನ್ನು ಗಡಿಯಾರದಿಂದ ಅಳೆಯದೆ ಮಾತಿನಿಂದ ಅಳೆದೆವು. ಓಡುತ್ತಿರುವವನು ಒಂದು ಪೂರ್ಣ ವಾಕ್ಯವನ್ನು ತಡೆಯಿಲ್ಲದೆ ಹೇಳುವಂತಿರಬೇಕು. ಹೇಳಲಾಗದಿದ್ದರೆ ವೇಗ ಹೆಚ್ಚಾಯಿತೆಂದು ತಿಳಿಯಬೇಕು. ನಾನು ಮೈದಾನದ ಅಂಚಿನಲ್ಲಿ ಕುರ್ಚಿ ಹಾಕಿ ಕುಳಿತು, ಆತ ಎದುರಿಗೆ ಬಂದಾಗಲೆಲ್ಲ ಮಗ್ಗಿ ಕೇಳುತ್ತಿದ್ದೆ. ಹದಿನೇಳರ ಮಗ್ಗಿ ತಪ್ಪುತ್ತಿದ್ದುದು ಉಸಿರಿನ ದೋಷವಲ್ಲ, ಹಳೆಯ ದೋಷ.

ಇಲ್ಲೊಂದು ಲೆಕ್ಕವನ್ನೂ ಗಮನಿಸಬೇಕು. 30 ನಿಮಿಷ ಓಡಿದರೆ 5 ಕಿಲೋಮೀಟರ್ ಮುಗಿಯುತ್ತದೆಂದು ಆ ಕ್ರಮ ಹೇಳುವುದು ಕಿಲೋಮೀಟರಿಗೆ 6 ನಿಮಿಷದ ವೇಗದವರಿಗೆ. ನಮ್ಮವನ ವೇಗ 8 ನಿಮಿಷ. 30 ನಿಮಿಷದಲ್ಲಿ ಆಗುವುದು ಮುಕ್ಕಾಲು ಪಾಲು ದಾರಿ, ಅಂದರೆ 3.75 ಕಿಲೋಮೀಟರ್. ಪೂರ್ತಿ ಮುಗಿಸಲು 40 ನಿಮಿಷ ಬೇಕು. ಇದನ್ನು ಮೊದಲೇ ತಿಳಿದಿದ್ದರೆ ಓಟದ ದಿನ ಎದೆಗುಂದುವುದಿಲ್ಲ. ಉಳಿದ ದೂರವನ್ನು ನಡೆದರೂ ಯಾರ ಆಕ್ಷೇಪವೂ ಇಲ್ಲ. ಬೆಂಗಳೂರಿನಲ್ಲಿ 2008ರಿಂದ ನಡೆಯುತ್ತಿರುವ 10 ಕಿಲೋಮೀಟರ್ ಓಟದಲ್ಲಿ ಜಗತ್ತಿನ ಶ್ರೇಷ್ಠ ಓಟಗಾರರ ಹಿಂದೆ ಸಾವಿರಾರು ಮಂದಿ ಓಡುತ್ತಲೂ ನಡೆಯುತ್ತಲೂ ಗುರಿ ಮುಟ್ಟುತ್ತಾರೆ; ಅಲ್ಲಿ ನೆಲೆಸಿರುವ ನಮ್ಮ ಹಳೆ ವಿದ್ಯಾರ್ಥಿಗಳು ಇದನ್ನು ಕಣ್ಣಾರೆ ಕಂಡವರು.

ಓಟವಿಲ್ಲದ ದಿನಗಳಲ್ಲಿ ವಾರಕ್ಕೆ ಎರಡು ಸಲ ಬಲವರ್ಧನೆಯ ವ್ಯಾಯಾಮ ಬೇಕು. ಅದಕ್ಕೆ ಹಣ ಕೊಟ್ಟು ಯಂತ್ರಗಳಿರುವಲ್ಲಿಗೆ ಹೋಗಬೇಕಿಲ್ಲ. ಕೈಯೂರದೆ ಕುರ್ಚಿಯಿಂದ ಎದ್ದು ಕುಳಿತುಕೊಳ್ಳುವುದು, ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು, ಗೋಡೆಗೆ ಕೈಯೂರಿ ದಂಡ ಹಾಕುವುದು, ಇಷ್ಟು ಸಾಕು.

ಇನ್ನು ಆಹಾರ. ಈ ಶಸ್ತ್ರಚಿಕಿತ್ಸೆಯಾದವರಿಗೆ ದಿನಕ್ಕೆ ಕನಿಷ್ಠ 60ರಿಂದ 80 ಗ್ರಾಂ ಪ್ರೋಟೀನು ಬೇಕೆಂದು ನಿಯಮ. ಮಾಂಸಖಂಡ ಉಳಿಯಬೇಕಾದರೆ ಇದು ತಪ್ಪುವಂತಿಲ್ಲ. ಆದರೆ ಒಂದು ಹೊತ್ತಿಗೆ ಹಿಡಿಯುವುದು ಒಂದು ಸಣ್ಣ ಬಟ್ಟಲಿನಷ್ಟು! ನಮ್ಮ ಕಾಸರಗೋಡಿನ ಕಡೆಯ ಊಟದ ರೀತಿ ಇದಕ್ಕೆ ನೇರ ವಿರೋಧ. ಬೆಳಗ್ಗೆ ನೀರುದೋಸೆ, ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ರಾತ್ರಿ ಗಂಜಿ ಮತ್ತು ಉಪ್ಪಿನಕಾಯಿ, ಎಲ್ಲವೂ ಅಕ್ಕಿಯೇ. ಗಂಜಿಯಿಂದ ಬಟ್ಟಲು ತುಂಬಿದರೆ ಬೇರೆಯದಕ್ಕೆ ಎಡೆಯಿಲ್ಲ. ಆದುದರಿಂದ ಎಲೆಯಲ್ಲಿ ಮೊದಲು ಪ್ರೋಟೀನು, ಆಮೇಲೆ ತರಕಾರಿ, ಕೊನೆಗೆ ಜಾಗ ಉಳಿದರೆ ಅನ್ನ. ಮೀನು ತಿನ್ನುವವರಿಗೆ ಕಷ್ಟವಿಲ್ಲ. ಬೇಯಿಸಿದ 100 ಗ್ರಾಂ ಮೀನಿನಲ್ಲಿ ಸುಮಾರು 20 ಗ್ರಾಂ ಪ್ರೋಟೀನಿದೆ. ಬಂಗುಡೆ, ಬೂತಾಯಿಗಳಿಗೆ ನಮ್ಮಲ್ಲಿ ಬರವಿಲ್ಲ. ಮೊಟ್ಟೆಯೊಂದರಲ್ಲಿ 6 ಗ್ರಾಂ. ಶಾಕಾಹಾರಿಗಳು ಹೆಚ್ಚು ಯೋಚಿಸಬೇಕು. ನಮ್ಮ ಹುಡುಗ ಶಾಕಾಹಾರಿ. ಮೊಳಕೆ ಬರಿಸಿ ಬೇಯಿಸಿದ ಹೆಸರುಕಾಳು, ನೀರು ಬಸಿದ ಗಟ್ಟಿ ಮೊಸರು, ಪನೀರು, ತೊವ್ವೆ ಇವುಗಳನ್ನು ದಿನಕ್ಕೆ ಐದಾರು ಸಲ ಹಂಚಿ ತಿಂದು, ಕೊರತೆಯನ್ನು ಆಹಾರತಜ್ಞೆ ಸೂಚಿಸಿದ ಪ್ರೋಟೀನು ಪುಡಿಯಿಂದ ತುಂಬಿಸಿಕೊಳ್ಳುತ್ತಾನೆ. ಆ ಪುಡಿಯ ರುಚಿಯನ್ನು ನಾನೂ ನೋಡಿದೆ. ಅದನ್ನು ದಿನಾಲೂ ಕುಡಿಯುವವನನ್ನು ಸೋಮಾರಿಯೆನ್ನಲು ನನ್ನಿಂದಾಗದು.

ಸಿಹಿಯ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಮನೆಗೆ ಬಂದವರಿಗೆ ಮೊದಲು ಬೆಲ್ಲ ನೀರು ಕೊಡುವುದು ನಮ್ಮ ಹಿರಿಯರ ಪದ್ಧತಿ. ಬಿಸಿಲಲ್ಲಿ ಬಂದವನಿಗೆ ಅದು ಸಂಜೀವಿನಿ. ಅಭ್ಯಾಸದ ಮೂರನೆಯ ವಾರದಲ್ಲಿ ಒಂದು ಬೆಳಗ್ಗೆ ನಮ್ಮ ಹುಡುಗ ಓಟ ಮುಗಿಸಿ ದಾರಿಯ ಬದಿಯ ನೆಂಟರ ಮನೆಗೆ ಹೋದ. ಅವರು ಪ್ರೀತಿಯಿಂದ ದೊಡ್ಡ ಲೋಟದಲ್ಲಿ ಬೆಲ್ಲದ ಪಾನಕ ಕೊಟ್ಟರು. ಖಾಲಿ ಹೊಟ್ಟೆಯಲ್ಲಿ, ಬಾಯಾರಿಕೆಯಲ್ಲಿ, ಬೇಗಬೇಗನೆ ಕುಡಿದ. ಕಾಲು ಗಂಟೆಯೊಳಗೆ ಮೈಯೆಲ್ಲ ತಣ್ಣನೆ ಬೆವರಿ, ಎದೆ ಡವಗುಟ್ಟಿ, ಹೊಟ್ಟೆ ನುಲಿದು, ಚಾವಡಿಯಲ್ಲಿ ಮಲಗಿಬಿಟ್ಟ. ಮನೆಯವರು ಹೃದಯಾಘಾತವೆಂದು ಹೆದರಿ ಜೀಪು ತರಿಸಿದರು. ಇದಕ್ಕೆ ವೈದ್ಯರು ಡಂಪಿಂಗ್ ಎನ್ನುತ್ತಾರೆ. ಸಕ್ಕರೆಯ ಗಟ್ಟಿ ದ್ರಾವಣ ಜಠರದಲ್ಲಿ ನಿಲ್ಲದೆ ಒಮ್ಮೆಲೆ ಕರುಳಿಗೆ ಸುರಿದಾಗ ಕರುಳು ದೇಹದ ನೀರನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಬೈಪಾಸ್ ಆದವರಲ್ಲಿ ಇದು ಹೆಚ್ಚು. ಸ್ಲೀವ್ ಆದವರಲ್ಲಿ ಕಡಿಮೆಯಾದರೂ ಇಲ್ಲವೆಂದಲ್ಲ. ಇನ್ನೊಂದು ಬಗೆಯೂ ಇದೆ: ಸಿಹಿ ತಿಂದ ಒಂದರಿಂದ ಮೂರು ಗಂಟೆಗಳ ಬಳಿಕ, ಅತಿಯಾಗಿ ಸ್ರವಿಸಿದ ಇನ್ಸುಲಿನ್ನಿನಿಂದ ರಕ್ತದ ಸಕ್ಕರೆ ದಿಢೀರನೆ ಕುಸಿದು ಕಣ್ಣು ಕತ್ತಲೆ ಬರುವುದು. ದೂರದ ಓಟಗಾರರು ದಾರಿಯಲ್ಲಿ ಹೀರುವ ಸಕ್ಕರೆಯ ಲೇಹ್ಯಗಳೂ ಬಣ್ಣದ ಸಿಹಿ ಪಾನೀಯಗಳೂ ಇಂಥವರಿಗೆ ಸಲ್ಲವು. ಸುದೈವದಿಂದ ಒಂದು ಗಂಟೆಯೊಳಗೆ ಮುಗಿಯುವ ಓಟಕ್ಕೆ ದಾರಿಯಲ್ಲಿ ಯಾವ ಆಹಾರವೂ ಬೇಕಾಗಿಲ್ಲ. ಓಟಕ್ಕೆ ಒಂದೂವರೆ ಗಂಟೆ ಮೊದಲು ಅರ್ಧ ಇಡ್ಲಿಯೂ ಒಂದೆರಡು ಚಮಚ ಗಟ್ಟಿ ಮೊಸರೂ ನಮ್ಮವನಿಗೆ ಒಗ್ಗಿದೆ. ಯಾರಿಗೆ ಯಾವುದು ಒಗ್ಗುವುದೆಂಬುದನ್ನು ಅಭ್ಯಾಸದ ದಿನಗಳಲ್ಲಿಯೇ ನೋಡಿಕೊಳ್ಳಬೇಕು. ಓಟದ ದಿನ ಹೊಸತು ಏನೂ ಬೇಡ.

ನೀರಿನ ಪ್ರಶ್ನೆ ಇದಕ್ಕಿಂತ ಕಠಿಣ. ನಮ್ಮ ಕರಾವಳಿಯ ಸೆಕೆಯಲ್ಲಿ ಬೆವರು ಆರುವುದಿಲ್ಲ, ಇಳಿಯುತ್ತದೆ. ಮೈ ತಂಪಾಗದೆ ನೀರು ಮಾತ್ರ ನಷ್ಟವಾಗುತ್ತದೆ. ಬೇರೆಯವರು ಓಡಿ ಬಂದು ಒಂದು ಚೆಂಬು ನೀರನ್ನು ಗಟಗಟನೆ ಕುಡಿದು ಸುಧಾರಿಸುತ್ತಾರೆ. ಇವನು ಹಾಗೆ ಕುಡಿದರೆ ಎದೆ ಒತ್ತಿ ವಾಂತಿಯಾಗುತ್ತದೆ. ದಿನಕ್ಕೆ ಒಂದೂವರೆ ಲೀಟರಿಗೆ ಕಡಿಮೆಯಿಲ್ಲದಂತೆ, ಗುಟುಕು ಗುಟುಕಾಗಿ, ಊಟದ ಜತೆಗಲ್ಲದೆ ಅರ್ಧ ಗಂಟೆಯ ಅಂತರದಲ್ಲಿ ಕುಡಿಯಬೇಕು. ಓಡುವ ದಿನ ಇನ್ನೂ ಹೆಚ್ಚು. ಅಂದರೆ ಬೆಳಗ್ಗಿನ ಓಟಕ್ಕೆ ನೀರು ಕುಡಿಯುವ ಕೆಲಸ ಹಿಂದಿನ ದಿನವೇ ಆರಂಭವಾಗಬೇಕು. ಮೂತ್ರದ ಬಣ್ಣ ಗಾಢವಾಗಿದ್ದರೆ ಆ ದಿನ ಓಟ ಬೇಡ, ನಡಿಗೆ ಸಾಕು. ಉಪ್ಪು ಹಾಕಿದ ತೆಳು ಮಜ್ಜಿಗೆಯಷ್ಟು ಹಿತವಾದ ಪಾನೀಯ ನಮ್ಮ ಹುಡುಗನಿಗೆ ಬೇರೊಂದು ಸಿಕ್ಕಿಲ್ಲ. ಬೊಂಡದ ನೀರೂ ಆಗಬಹುದು, ಆದರೆ ಒಂದೇ ಉಸಿರಿಗೆ ಅಲ್ಲ. ಸೂರ್ಯೋದಯದ ಹೊತ್ತಿಗೇ ಅಭ್ಯಾಸ ಮುಗಿಸುವುದು ಲೇಸು.

ಮಾತ್ರೆಗಳ ವಿಷಯ ಬೇಸರ ತರಿಸುವಂತಹುದು, ಆದರೆ ಬಿಡುವಂತಿಲ್ಲ. ಕಬ್ಬಿಣ, ಬಿ12, ಫೋಲಿಕ್ ಆಮ್ಲ, ಡಿ ಜೀವಸತ್ವ, ಸುಣ್ಣದಂಶ ಇವು ಈ ಚಿಕಿತ್ಸೆಯ ಬಳಿಕ ಆಹಾರದಿಂದ ಸಾಕಷ್ಟು ದೊರೆಯುವುದಿಲ್ಲ. ಆಯುಷ್ಯಪೂರ್ತಿ ಹೊರಗಿನಿಂದ ತೆಗೆದುಕೊಳ್ಳಬೇಕು. ಆರು ತಿಂಗಳು ಚೆನ್ನಾಗಿದ್ದೇನೆಂದು ಬಿಟ್ಟವರೇ ಹೆಚ್ಚಂತೆ. ಕಬ್ಬಿಣ ಕಡಿಮೆಯಾದವನು ಎಷ್ಟು ಅಭ್ಯಾಸ ಮಾಡಿದರೂ ಏರುದಾರಿಯಲ್ಲಿ ಏದುಸಿರು ಬಿಡುತ್ತಾನೆ. ತನ್ನ ಮನೋಬಲ ಸಾಲದೆಂದು ಕೊರಗುತ್ತಾನೆ. ಸಾಲದಿರುವುದು ರಕ್ತ. ಸುಣ್ಣದ ಮಾತ್ರೆಯನ್ನೂ ಕಬ್ಬಿಣದ ಮಾತ್ರೆಯನ್ನೂ ಒಟ್ಟಿಗೆ ನುಂಗಬಾರದು, ಕನಿಷ್ಠ ಎರಡು ಗಂಟೆಯ ಅಂತರವಿರಬೇಕು. ಕಬ್ಬಿಣದ ಮಾತ್ರೆಯನ್ನು ಚಹಾದೊಡನೆ ತೆಗೆದುಕೊಳ್ಳಬಾರದು. ಓಟ ಆರಂಭಿಸುವ ಮುನ್ನ ಒಮ್ಮೆ ರಕ್ತಪರೀಕ್ಷೆ ಮಾಡಿಸುವುದು ಉತ್ತಮ.

ಸಕ್ಕರೆ ಕಾಯಿಲೆಗೂ ರಕ್ತದೊತ್ತಡಕ್ಕೂ ಮಾತ್ರೆ ನುಂಗುತ್ತಿದ್ದವರು ಇನ್ನೊಂದು ಎಚ್ಚರ ವಹಿಸಬೇಕು. ತೂಕ ಇಳಿದಂತೆ ಆ ಕಾಯಿಲೆಗಳೂ ಇಳಿಯುತ್ತವೆ. ಮಾತ್ರೆಯ ಪ್ರಮಾಣ ಹಳೆಯದೇ ಇದ್ದರೆ ಓಡುವಾಗ ಸಕ್ಕರೆಯೂ ಒತ್ತಡವೂ ತೀರಾ ಕೆಳಗಿಳಿದು ತಲೆ ಸುತ್ತಿ ಬೀಳುವ ಸಂಭವವಿದೆ. ಪ್ರಮಾಣವನ್ನು ವೈದ್ಯರು ಬದಲಿಸಬೇಕು, ನಾವಲ್ಲ. ಮಂಡಿ ನೋವೆಂದು ಔಷಧದಂಗಡಿಯಿಂದ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮುಂತಾದ ನೋವಿನ ಮಾತ್ರೆಗಳನ್ನು ಕೇಳಿ ತರುವ ಅಭ್ಯಾಸ ನಮ್ಮಲ್ಲಿ ಎಲ್ಲರಿಗೂ ಇದೆ. ಈ ಚಿಕಿತ್ಸೆಯಾದವರಿಗೆ, ಮುಖ್ಯವಾಗಿ ಬೈಪಾಸ್ ಆದವರಿಗೆ, ಅವು ಜಠರದಲ್ಲಿ ಹುಣ್ಣು ತರಬಲ್ಲವು. ಹುಣ್ಣು ರಕ್ತ ಸುರಿಸಬಲ್ಲದು. ನೋವಿಗೆ ಮೊದಲ ಮದ್ದು ವಿಶ್ರಾಂತಿ. ಎರಡನೆಯದು ವೈದ್ಯರು ಹೇಳಿದರೆ ಪ್ಯಾರಸಿಟಮಾಲ್.

ಹೊರಗಿನ ದೇಹದ ಕುರಿತು ಎರಡು ಮಾತು. ಇಷ್ಟು ತೂಕ ಇಳಿದವರ ಹೊಟ್ಟೆ, ತೊಡೆ, ತೋಳುಗಳಲ್ಲಿ ಚರ್ಮ ಜೋತುಬಿದ್ದಿರುತ್ತದೆ. ಓಡುವಾಗ ಅದು ಕುಲುಕಿ, ಉಜ್ಜಿ, ಗಾಯವಾಗುತ್ತದೆ. ಮಳೆಗಾಲದಲ್ಲಿ ಮಡಿಕೆಗಳಲ್ಲಿ ಹುಳಕಡ್ಡಿಯೂ ಆಗುತ್ತದೆ. ಮೈಗೆ ಬಿಗಿಯಾದ ಒಳ ಉಡುಪು, ಓಡುವ ಮೊದಲು ವ್ಯಾಸಲೀನು, ಓಡಿದ ಮೇಲೆ ಸ್ನಾನ ಮಾಡಿ ಮಡಿಕೆಗಳನ್ನು ಒಣಗಿಸುವುದು, ಇವು ಬೇಕು. ಕಾಲಿಗೆ ಓಟದ ಬೂಟು ಬೇಕು. ಪಾದವೂ ಕಿರಿದಾಗಿರುವುದರಿಂದ ಹಳೆಯ ಅಳತೆ ಹಿಡಿಯದೆ ಹೊಸದಾಗಿ ಅಳೆಯಿಸಿ ಕೊಳ್ಳಬೇಕು. ಮುರಕಲ್ಲಿನ ದಾರಿಯಲ್ಲಿ ಬರಿಗಾಲಲ್ಲಿ ಓಡಿದ್ದ ನಮ್ಮ ಕಾಲದ ಪ್ರತಾಪವನ್ನು ಇಲ್ಲಿ ಹೇಳಿಕೊಳ್ಳಬಾರದು.

ಎದೆನೋವು, ಕಣ್ಣು ಕತ್ತಲೆ, ನಿಲ್ಲದ ವಾಂತಿ, ಕಪ್ಪು ಮಲ, ಹೊಟ್ಟೆಯಲ್ಲಿ ಇರಿತದಂತಹ ನೋವು, ಪಾದಗಳಲ್ಲಿ ಜೋಮು, ಎಲುಬಿನ ಒಂದೇ ಜಾಗದಲ್ಲಿ ಬೆರಳಿಟ್ಟು ತೋರಿಸಬಹುದಾದ ನೋವು, ಇವುಗಳಲ್ಲಿ ಯಾವುದು ಕಂಡರೂ ಓಟ ನಿಲ್ಲಿಸಿ ಆಸ್ಪತ್ರೆಗೆ ಹೋಗತಕ್ಕದ್ದು.

ಓಡಿದರೆ ಇನ್ನಷ್ಟು ತೂಕ ಇಳಿಯುವುದೇ ಎಂದು ಹಲವರು ಕೇಳುತ್ತಾರೆ. ಲೆಕ್ಕ ಮಾಡಿ ನೋಡೋಣ. ಒಂದು ಕಿಲೋ ದೇಹವನ್ನು ಒಂದು ಕಿಲೋಮೀಟರ್ ಓಡಿಸಲು ಸುಮಾರು ಒಂದು ಕ್ಯಾಲೊರಿ ಬೇಕು. 84 ಕಿಲೋ ತೂಕದವನು 5 ಕಿಲೋಮೀಟರ್ ಓಡಿದರೆ 420 ಕ್ಯಾಲೊರಿ. ಒಂದು ಕಿಲೋ ಮೈಕೊಬ್ಬಿನಲ್ಲಿ ಸುಮಾರು 7700 ಕ್ಯಾಲೊರಿ ಇದೆ. ಭಾಗಿಸಿದರೆ ಒಂದು ಓಟಕ್ಕೆ ಕರಗುವ ಕೊಬ್ಬು 55 ಗ್ರಾಂ. ಒಂದು ಮೊಟ್ಟೆಯ ತೂಕ! ಆದುದರಿಂದ ತೂಕ ಇಳಿಸಲೆಂದು ಓಡುವವನು ನಿರಾಶನಾಗುತ್ತಾನೆ. ಶಸ್ತ್ರಚಿಕಿತ್ಸೆಯಾದ ಒಂದೆರಡು ವರ್ಷಗಳಲ್ಲಿ ಇಳಿತ ನಿಂತು, ಅನೇಕರಲ್ಲಿ ತೂಕ ಮತ್ತೆ ಸ್ವಲ್ಪ ಸ್ವಲ್ಪವೇ ಏರಲು ತೊಡಗುತ್ತದೆ. ಆ ಏರಿಕೆಗೆ ತಡೆಯೊಡ್ಡುವುದು ವ್ಯಾಯಾಮದ ರೂಢಿ. ಓಟದ ಪಂದ್ಯವೊಂದು ಎದುರಿಗಿದ್ದರೆ ರೂಢಿ ಬೇರೂರುತ್ತದೆ ಎಂಬುದಷ್ಟೇ ಅದರ ಪ್ರಯೋಜನ. ಅದೇನೂ ಸಣ್ಣ ಪ್ರಯೋಜನವಲ್ಲ.

ಇದೆಲ್ಲಕ್ಕಿಂತ ನಮ್ಮ ಹುಡುಗನಿಗೆ ಕಷ್ಟವಾದದ್ದು ಊರವರ ಮಾತು. “ಏನು ಇಷ್ಟು ಬಡವಾಗಿದ್ದೀರಿ? ಹುಷಾರಿಲ್ಲವೋ?” ಎಂದು ದಾರಿಯಲ್ಲಿ ಸಿಕ್ಕವರೆಲ್ಲ ಕೇಳುವರು. ಮೊದಲು ದಪ್ಪವೆಂದು ನಕ್ಕವರೇ ಈಗ ಸೊರಗಿದನೆಂದು ಮರುಗುವರು. ಓಡುವುದನ್ನು ಕಂಡರೆ ಬೈಕು ನಿಲ್ಲಿಸಿ ಹತ್ತಿಸಿಕೊಳ್ಳಲು ಬರುವರು! ಬೆಳಕು ಹರಿಯುವ ಮೊದಲೇ ಓಡಿ ಮುಗಿಸುತ್ತಿದ್ದುದಕ್ಕೆ ಸೆಕೆಯೊಂದೇ ಕಾರಣವಲ್ಲವೆಂದು ಆತ ಒಮ್ಮೆ ಹೇಳಿದ. ಗೋಳಿಮರದ ವಿಷಯವನ್ನು ಆಗ ನಾನೇ ಎತ್ತಿದೆ. ಆತ ನಕ್ಕು, “ಯಾರ ಚಪ್ಪಲಿ ಯಾವುದೆಂದು ನನಗೆ ಈಗಲೂ ನೆನಪಿದೆ, ಮಾಷ್ಟ್ರೇ” ಎಂದ. ಬೇರೇನೂ ಹೇಳಲಿಲ್ಲ.

ಈ ಬರಹವನ್ನು ಮುದ್ರಣಕ್ಕೆ ಕೊಡುವ ಹೊತ್ತಿಗೆ ಆತನ ಹದಿನಾರನೆಯ ವಾರ ಮುಗಿದಿದೆ. ಕಳೆದ ರವಿವಾರ 28 ನಿಮಿಷ ನಿಲ್ಲದೆ ಓಡಿದ್ದಾನೆ. ಸಂಚಿಕೆ ತಮ್ಮ ಕೈಸೇರುವಾಗ ಓಟ ಮುಗಿದೂ ಇರಬಹುದು. ದಾರಿಯನ್ನು ನಾನೂ ಕಾರ್ಯದರ್ಶಿಗಳೂ ನಡೆದು ನೋಡಿದ್ದೇವೆ. ಮೊದಲ ಎರಡು ಕಿಲೋಮೀಟರ್ ಪದವಿನ ಮೇಲೆ ಸಮತಟ್ಟು, ಬಳಿಕ ತೋಟದ ಬದಿಗೆ ಇಳಿತ, ಮರಳುವಾಗ ಶಾಲೆಯ ಏರು. ಏರಿನ ಬುಡದಲ್ಲಿ ನೀರೂ ಉಪ್ಪು ಮಜ್ಜಿಗೆಯೂ ಸಣ್ಣ ಲೋಟಗಳಲ್ಲಿ ಇರುತ್ತವೆ. ಪಾನಕವನ್ನು ಬೇರೆ ಮೇಜಿನಲ್ಲಿ ಇರಿಸಲು ಹೇಳಿದ್ದೇನೆ. ಓಟಗಾರರ ಚಪ್ಪಲಿ, ಮೊಬೈಲುಗಳನ್ನು ನೋಡಿಕೊಳ್ಳುವ ಕೆಲಸವನ್ನು ಕೇಳಿ ನಾನು ವಹಿಸಿಕೊಂಡಿದ್ದೇನೆ. ಏರುದಾರಿಯಲ್ಲಿ ನಡೆಯುತ್ತ ಬರುವವರಿಗಾಗಿ ಗುರಿಯ ಹಗ್ಗವನ್ನು ಒಂದು ಗಂಟೆ ಹದಿನೈದು ನಿಮಿಷ ಬಿಚ್ಚುವುದಿಲ್ಲವೆಂದು ಸಂಘದವರು ಒಪ್ಪಿದ್ದಾರೆ.